ಮಾತಾಡದ ಗಾಡಿ

ಕಳೆದ ಸೋಮವಾರ ಬೆಳಿಗ್ಗೆ ನಮ್ಮ ಚಿನ್ನದ ಗಣಿ ಊರಿನ ನಂದಿದುರ್ಗ ಗಣಿಯ ಬಳಿ ನನ್ನ ಮಾವ ನನ್ನ ಕಾರಿನಿಂದ ಇಳಿದು ಬೇತಮಂಗಲದ ಬಸ್ಸು ಹತ್ತಿದರು. ನಾವು ಹೊರಟಿದ್ದುದು ಬಂಗಾರಪೇಟೆಗೆ, ಅವರ ಕಣ್ಣಿನ ಪೊರೆ ತೆಗೆಸಲು. ಬಸ್ಸಿನ ಬೋರ್ಡು ಅವರಿಗೆ ಕಾಣುವುದಿಲ್ಲ.

ವರದಿಗಾರಿಕೆಯಲ್ಲಿ ತಲೆ ನರೆಸಿಕೊಂಡ ನನಗೊಂದು ಕಾಯಿಲೆಯಿದೆ. ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳದೆ ಏನನ್ನೂ ನಂಬುವುದಿಲ್ಲ. ನಮ್ಮ ಹಳೇ ಕಾರಿನ ಇಂಜಿನ್ ಟಕಟಕ ಎನ್ನತೊಡಗಿದಾಗಲೂ ಹಾಗೇ ಮಾಡಿದೆ. ಹಾಲಿನವನು ಬೆಲ್ಟು ಎಂದ. ಎದುರುಮನೆ ಮೇಷ್ಟರು ಬಾನೆಟ್ಟಿಗೆ ಕಿವಿಯಿಟ್ಟು, ಕಿವಿ ಸುಟ್ಟುಕೊಂಡು, ಬೇರಿಂಗು ಎಂದರು. ನನ್ನ ಹೆಂಡತಿ ಸರೋಜಾ, "ವಯಸ್ಸಾಯ್ತು ಬಿಡ್ರೀ. ನಿಮ್ಮ ಮಂಡಿನೂ ಹಂಗೇ ಅನ್ನುತ್ತೆ, ನಿಮ್ಮನ್ನ ಶೆಡ್ಡಿಗೆ ಬಿಟ್ಟಿದೀನಾ?" ಎಂದಳು. ಮೂರು ಮೂಲ, ಮೂರು ಸುದ್ದಿ. ಕೊನೆಗೆ ಶನಿವಾರ ಮೆಕ್ಯಾನಿಕ್ ಸೆಲ್ವಂ, ಟ್ಯಾಪೆಟ್ ಸಡಿಲವಾಗಿದೆ ಎಂದು ಬಿಗಿ ಮಾಡಿಕೊಟ್ಟ. ಸದ್ದು ನಿಂತಿತು. ಸೋಮವಾರ ಹೆಮ್ಮೆಯಿಂದ ಮಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ.

"ಅಳಿಯಂದ್ರೇ, ಗಾಡಿ ಯಾಕೆ ಮಾತಾಡ್ತಿಲ್ಲ?" ಎಂದರು.

"ರಿಪೇರಿ ಆಯ್ತು ಮಾವ."

"ನಿಲ್ಸಿ. ಇಳ್ಕೊತೀನಿ."

ಮಾವ ಚಾಂಪಿಯನ್ ರೀಫ್ಸ್ ಗಣಿಯ ಸುರಂಗದಲ್ಲಿ ಚಾವಣಿಗೆ ಮರದ ಆಸರೆ ನಿಲ್ಲಿಸುತ್ತಿದ್ದವರು. ಬಂಡೆಯ ಭಾರಕ್ಕೆ ಮರ ಕಿರುಗುಟ್ಟುತ್ತಿರುವಷ್ಟು ಹೊತ್ತು ಅವರಿಗೆ ಧೈರ್ಯ. ಸದ್ದು ಥಟ್ಟನೆ ನಿಂತರೆ ಕೈಲಿದ್ದದ್ದು ಬಿಟ್ಟು ಓಡಬೇಕು. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಅವರ ಕಿವಿ ಇನ್ನೂ ಪಾಳಿಯಲ್ಲೇ ಇದೆ. ಆಗೆಲ್ಲ ನೆಲದೊಳಗೆ ಬಂಡೆ ಸಿಡಿದರೆ ಮೇಲೆ ಮನೆಗಳಲ್ಲಿ ಗೂಡಿನ ಲೋಟಗಳು ಗಲಗಲ ಎನ್ನುತ್ತಿದ್ದವಂತೆ. ಹೆಂಗಸರು ಲೋಟಗಳನ್ನು ಸರಿಯಾಗಿ ಜೋಡಿಸಿ ಒಲೆಯ ಮುಂದೆ ಕೂರುತ್ತಿದ್ದರು; ಕೆಳಗಿಳಿದವರು ಮನೆಗೆ ಬರುವವರೆಗೆ ಆ ಮಾತೆತ್ತುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಕೋಲಾರದಲ್ಲಿ ಮನೆ ಮಾಡಿದಾಗ ಸರೋಜಾಗೆ ನಿದ್ದೆಯೇ ಬರುತ್ತಿರಲಿಲ್ಲ. "ಇಲ್ಲಿ ಪಾತ್ರೆ ಅಲ್ಲಾಡೋದೇ ಇಲ್ಲ, ಒಂಥರಾ ಭಯ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ.

ಆ ಸೋಮವಾರ ಬಸ್ಸಿನ ಹಿಂದೆಯೇ ಹೋಗಿ ಬೇತಮಂಗಲದ ಟೀ ಅಂಗಡಿಯಲ್ಲಿ ಮಾವನನ್ನು ಹಿಡಿದೆ. "ಬಂಗಾರಪೇಟೆ ಬಾಳ ಬದಲಾಗೋಗದೆ, ರೈಲಿನ ಸದ್ದೇ ಇಲ್ಲ" ಎಂದರು.

ಅಂದಿನ ಆಪರೇಷನ್ ತಪ್ಪಿತು; ಡಾಕ್ಟರು ಫೋನಿನಲ್ಲಿ ಗುರುವಾರ ಬರಹೇಳಿದರು. ಇನ್ನೂ ತಡವಾದರೆ ದೃಷ್ಟಿ ಕಷ್ಟ, ಆಪರೇಷನ್ ಆದ ಕಣ್ಣನ್ನು ಬಸ್ಸಿನ ನೂಕುನುಗ್ಗಲಿನಲ್ಲಿ ತರಬಾರದು ಎಂದರು. ಮಾವ, "ಆ ಗಾಡೀಲಿ ಮಾತ್ರ ಬರಾಕಿಲ್ಲ. ಕಣ್ಣು ಓದ್ರೆ ಓಗ್ಲಿ" ಎಂದರು. ಬುಧವಾರ ಸರೋಜಾ ನನ್ನನ್ನು ಕರೆದುಕೊಂಡು ಸೆಲ್ವಂ ಬಳಿಗೆ ಹೋದಳು.

"ಆ ಸದ್ದು ವಾಪಸ್ ಹಾಕ್ಕೊಡಪ್ಪ."

"ಸದ್ದು ತೆಗ್ಸೋಕೆ ಬರ್ತಾರೆ ಅಕ್ಕಾ, ಹಾಕ್ಸೋಕೆ ಯಾರೂ ಬಂದಿಲ್ಲ."

"ನಿಮ್ಮಪ್ಪನೂ ಗಣಿಗೆ ಇಳೀತಿದ್ದೋರಲ್ವಾ?"

ಸೆಲ್ವಂ ಸ್ಪ್ಯಾನರ್ ಎತ್ತಿಕೊಂಡ. "ಒಂಚೂರು ಲೂಸ್ ಬಿಡ್ತೀನಿ. ಇಂಜಿನ್‌ಗೇನೂ ಆಗಲ್ಲ."

ಗುರುವಾರ ಕಾರು ಟಕಟಕ ಎನ್ನುತ್ತಾ ಹೊರಟಿತು. ನಂದಿದುರ್ಗ ದಾಟುವಷ್ಟರಲ್ಲಿ ಮುಂದೆ ಮಾವ, ಹಿಂದೆ ಸರೋಜಾ ನಿದ್ದೆಹೋದರು. ಆಪರೇಷನ್ ಆಯಿತು. ಬರುವಾಗಲೂ ಇಬ್ಬರಿಗೂ ಗಾಢ ನಿದ್ದೆ. ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಪೆಟ್ರೋಲ್ ಉಳಿಯಲೆಂದು ಇಂಜಿನ್ ಆಫ್ ಮಾಡಿದೆ.

ಇಬ್ಬರೂ ಒಟ್ಟಿಗೆ ಎಚ್ಚೆತ್ತು ಬಾಗಿಲಿಗೆ ಕೈ ಹಾಕಿದರು.