ಇಪ್ಪತ್ತನೇ ತಾರೀಕು ಹಾಲು ಬೇಡ

ಬೀಗರಾಗುವವರ ಸುದ್ದಿ ಮೊದಲ ಸಲ ನನ್ನ ಕಿವಿಗೆ ಬಿದ್ದ ದಿನವೇ ನಾನು ಘೋಷಿಸಿಬಿಟ್ಟೆ: "ಮೊಮ್ಮಗಳ ಮದುವೆಗೆ ಹಾಲ್ ಹುಡುಕೋಳು ನಾನು. ಇದರಲ್ಲಿ ಇನ್ಯಾರಾದರೂ ಮೂಗು ತೂರಿಸಿದರೆ ಆ ಮೂಗು ಉಳಿಯಲ್ಲ!"

ಆಗ ನಾನು ಒಗೆದ ಬಟ್ಟೆ ಮಡಿಸುತ್ತಾ ಕೂತಿದ್ದೆ. ಮಗ ಕೆಲಸದಿಂದ ಬಂದವನು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಶುರು ಮಾಡಿದ. ಹುಡುಗ ಲಿಫ್ಟ್ ರಿಪೇರಿ ಮಾಡುತ್ತಾನೆ, ಒಳ್ಳೆಯವನು, ನಮ್ಮ ಹುಡುಗಿಗೂ ಒಪ್ಪಿಗೆ. ಅವನ ತಾಯಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ಒಂದು ಹೊಲಿಗೆ ಆಚೀಚೆ ಆದರೂ ಪೂರ್ತಿ ಬಿಚ್ಚಿಸಿ ಮತ್ತೆ ಹೊಲಿಸುವ ಹೆಂಗಸಂತೆ.

"ಅವರು ಕೇಳಿದ್ದು ಒಂದೇ ಅಮ್ಮ. 'ನಮಗೆ ಬೇರೆ ಏನೂ ಬೇಡ. ಹಾಲ್ ಒಂದು ಚೆನ್ನಾಗಿರಲಿ, ಬಂದವರಿಗೆಲ್ಲ ಗಂಡು ಹೆಣ್ಣು ಕಾಣಬೇಕು' ಅಂದರು."

ಕಾಣಬೇಕು! ಆ ಮಾತು ಕೇಳಿದ್ದೇ ತಡ, ಮೂವತ್ತೊಂದು ವರ್ಷದಿಂದ ಹೊಟ್ಟೆಯಲ್ಲಿ ಕುದಿಯುತ್ತಿದ್ದ ಸಿಟ್ಟು ಉಕ್ಕಿ ಬಂತು. ನನ್ನ ಮಗಳ ಮದುವೆಗೆ ಹಾಲ್ ನೋಡಿದ್ದು ನಮ್ಮವರು. ಆ ಪುಣ್ಯಾತ್ಮ ಆರಿಸಿದ ಹಾಲಿನಲ್ಲಿ, ವೇದಿಕೆಯ ಮುಂದೆ, ನಟ್ಟನಡುವೆ ಒಂದು ಕಂಬ! ಸಣ್ಣದಲ್ಲ. ಇಬ್ಬರು ತಬ್ಬಿದರೂ ಕೈಗೆ ಕೈ ಸೇರದ ಕಂಬ. ಎಡಗಡೆ ಕೂತವರಿಗೆ ಹೆಣ್ಣು ಕಾಣಲಿಲ್ಲ, ಬಲಗಡೆ ಕೂತವರಿಗೆ ಗಂಡು ಕಾಣಲಿಲ್ಲ, ನಡುವೆ ಕೂತವರು ಕಂಬ ನೋಡಿಕೊಂಡು, ಊಟ ಮಾಡಿಕೊಂಡು ಹೋದರು. ಆಲ್ಬಮ್ ತೆಗೆದರೆ ಅರ್ಧ ಅಳಿಯ, ಪೂರ್ತಿ ಕಂಬ. "ಮಗಳನ್ನ ಯಾರಿಗೆ ಕೊಟ್ರಿ?" ಎಂದು ಯಾರಾದರೂ ಕೇಳಿದರೆ "ಕಂಬಕ್ಕೆ" ಅನ್ನುತ್ತಿದ್ದೆ, ನಮ್ಮವರಿಗೆ ಕೇಳಿಸುವ ಹಾಗೆ. ಬಲ್ಬು ಸುಟ್ಟರೂ, ಛತ್ರಿ ಕಳೆದರೂ, "ಕಂಬ ಆರಿಸಿದ ಕೈಯಲ್ವಾ!" ಎಂದೇ ಬೈದೆ. ಇಪ್ಪತ್ತೈದು ವರ್ಷ ಎದುರಿಗೆ ಬೈದೆ, ಅವರು ಹೋದ ಮೇಲೆ ಆರು ವರ್ಷ ಫೋಟೋಗೆ ಬೈದೆ.

ಮೊಮ್ಮಗಳು ಬಂದು ಪಕ್ಕದಲ್ಲಿ ಕೂತು ಕೈ ಹಿಡಿದಳು. "ಅಜ್ಜಿ, ಅತ್ತೆಗಾದ ಹಾಗೆ ನನಗೆ ಆಗಬಾರದು. ಕಂಬ ಇಲ್ಲದ ಹಾಲ್ ನೋಡ್ತೀಯಾ?"

"ಕಂಬನಾ? ನಡುವೆ ಒಂದು ಪೊರಕೆ ನಿಂತಿದ್ದರೂ ಆ ಹಾಲ್ ಬೇಡ ಅಂತೀನಿ! ಮಾತು ಕೊಟ್ಟೆ, ಹೋಗು."

ಸೊಸೆ ಆಸ್ಪತ್ರೆಯಲ್ಲಿ ಚೀಟಿ ಬರೆಯುವವಳು. ಎಲ್ಲದಕ್ಕೂ ಮುಂದಾಲೋಚನೆ. "ಅತ್ತೆ, ಹಾಲ್‌ನವರಿಗೆ ಫೋನ್ ನಂಬರ್ ಮಾತ್ರ ನನ್ನದು ಕೊಡಿ. ನಿಮಗೆ ಎಡಗಿವಿ ಸ್ವಲ್ಪ..."

"ಎಡಗಿವಿಗೆ ಏನಾಗಿದೆ? ನೀನು ಅಡುಗೆಮನೇಲಿ ನನ್ನ ಮೇಲೆ ಗೊಣಗೋದು ಎರಡು ಕಿವಿಗೂ ಕೇಳಿಸತ್ತೆ!"

ಹನ್ನೆರಡು ಹಾಲ್ ನೋಡಿದೆ. ನಾನು ಓದಿದ್ದು ಮೂರನೇ ಕ್ಲಾಸು, ಆದರೆ ಹಾಲ್‌ಗಳಿಗೆ ಪರೀಕ್ಷೆ ಇಟ್ಟೆ! ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು, ಮಗನನ್ನು ವೇದಿಕೆಯ ಮೇಲೆ ನಿಲ್ಲಿಸಿ "ಹಲ್ಲು ಬಿಡೋ" ಅನ್ನುವುದು. ಹಲ್ಲು ಎಣಿಸಲು ಆದರೆ ಪಾಸು. ನಲ್ಲಿ ತಿರುಗಿಸಿ ಬಕೆಟ್ ತುಂಬುವ ತನಕ ನಿಲ್ಲುವುದು. ಗೋಡೆ ಮೂಸುವುದು. ಕಕ್ಕಸಿನ ಚಿಲಕ ಹಾಕಿ ಒಳಗಿನಿಂದ ಬಾಗಿಲು ಒದೆಯುವುದು. ಒಂದು ಕಡೆ ಚಿಲಕ ಎಷ್ಟು ಚೆನ್ನಾಗಿ ಪಾಸಾಯಿತು ಅಂದರೆ, ನನ್ನನ್ನು ಹೊರಗೆ ತೆಗೆಯಲು ಬಡಗಿಯೇ ಬರಬೇಕಾಯಿತು.

ಹನ್ನೆರಡನೆಯದು ಎಲ್ಲದರಲ್ಲೂ ಗೆದ್ದಿತು. ಕಂಬ ಇಲ್ಲ, ವಾಸನೆ ಇಲ್ಲ, ಮಗನ ಹುಳುಕು ಹಲ್ಲು ಕೂಡ ಕೊನೆಯ ಸಾಲಿಗೆ ಕಂಡಿತು!

"ನೀರು ಹೇಗಪ್ಪ?" ಎಂದೆ ಮ್ಯಾನೇಜರಿಗೆ.

"ನೀರು ಜಾಸ್ತೀನೇ ಇದೆ ಅಮ್ಮ."

"ಹಾಗಾದರೆ ಇಪ್ಪತ್ತನೇ ತಾರೀಕು ನಮಗೇ. ನನ್ನ ನಂಬರ್ ಬರ್ಕೋ. ಏನಿದ್ದರೂ ನನ್ನನ್ನೇ ಕೇಳು. ನಾನು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಬೇರೆ ಯಾರ ಮಾತೂ ನಡೆಯಲ್ಲ. ಅದನ್ನೂ ಬರ್ಕೋ!"

ಅವನು ತನ್ನ ಡೈರಿಯಲ್ಲಿ ಅದನ್ನೂ ಬರೆದುಕೊಂಡ. ಹಾಳಾದವನು, ಎಲ್ಲವನ್ನೂ ಬರೆದುಕೊಳ್ಳುವ ಜಾತಿ.

ಇನ್ನು ಆ ನಾಲ್ಕನೇ ತಾರೀಕಿನ ಬೆಳಿಗ್ಗೆಗೆ ಬರುತ್ತೇನೆ. ನಮಗೆ ದಿನಾ ಹಾಲು ಹಾಕುವವನ ಮೇಲೆ ನಾನು ಕೆಂಡವಾಗಿದ್ದೆ. ಮೂರು ದಿನದಿಂದ ಹಾಲು ವಾಸನೆ, ಹಾಲಿಗಿಂತ ನೀರು ಹೆಚ್ಚು. ಬೈಗುಳಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟುಕೊಂಡು, ಮೊಣಕೈ ತನಕ ಸೋಪು ಮಾಡಿಕೊಂಡು ಪಾತ್ರೆ ಉಜ್ಜುತ್ತಿದ್ದೆ. ಫೋನ್ ಬಡಿದುಕೊಂಡಿತು. ಕಿರುಬೆರಳಿನಲ್ಲಿ ಒತ್ತಿ, ಭುಜಕ್ಕೂ ಎಡಗಿವಿಗೂ ನಡುವೆ ಸಿಕ್ಕಿಸಿಕೊಂಡೆ.

"ಅಮ್ಮಾ, ನಾನು ಹಾಲಿನವನು."

"ಬಾಪ್ಪ, ನಿನ್ನನ್ನೇ ಕಾಯ್ತಾ ಇದ್ದೆ!"

"ಇಪ್ಪತ್ತನೇ ತಾರೀಕು ನಿಮಗೆ ಹಾಲು ಬೇಕೇ ಬೇಕಾ ಅಂತ ಕೇಳೋಣ ಅಂತ. ಇನ್ನೊಬ್ಬರು ತುಂಬಾ ಕೇಳ್ತಾ ಇದ್ದಾರೆ."

"ಇಪ್ಪತ್ತಕ್ಕಾ? ಬೇಡಪ್ಪ. ಅವತ್ತು ಮದುವೆ, ನಾವೆಲ್ಲ ಬೇರೆ ಕಡೆ ಇರ್ತೀವಿ."

"ಬೇರೆ ಕಡೇನಾ! ಯಾಕಮ್ಮಾ, ನಮ್ಮದರಲ್ಲಿ ಏನು ಕಡಿಮೆ?"

"ಏನು ಕಡಿಮೆ? ಬಾಯಿಬಿಟ್ಟು ಹೇಳಲಾ? ವಾಸನೆ! ನಿನ್ನೆ ಮೂಗು ಮುಚ್ಚಿಕೊಂಡೆ ನಾನು. ಸಾಲದು ಅಂತ ನೀರು ಬೇರೆ ಜಾಸ್ತಿ!"

"ನೀರು ಜಾಸ್ತಿ ಇದ್ದರೆ ಒಳ್ಳೇದಲ್ವಾ ಅಮ್ಮ? ನೀವೇ ಕೇಳಿದ್ದಲ್ವಾ?"

"ನಾನು ಕೇಳಿದ್ನಾ! ನೀರು ಜಾಸ್ತಿ ಇರಲಿ ಅಂತ ನಾನು ಕೇಳಿದ್ನಾ! ಎಷ್ಟು ಕೊಬ್ಬು ನಿನಗೆ!"

"ಹಾಗಾದರೆ... ಅವರಿಗೇ ಕೊಟ್ಟುಬಿಡಲಾ?"

"ಕೊಡು! ಯಾರಿಗೆ ಬೇಕಾದರೂ ಕೊಡು! ಬೆಕ್ಕಿಗೆ ಹಾಕು!"

"ಬೆಕ್ಕಿಗಾ?"

"ಹೂಂ, ಬೆಕ್ಕಿಗೇ!"

ಫೋನ್ ಇಟ್ಟ ಮೇಲೆ ಮೈಯೆಲ್ಲ ಎಷ್ಟು ಹಗುರ! ಸಂಜೆ ಸೊಸೆಗೆ ಹೇಳಿದೆ, "ಹಾಲಿನವನಿಗೆ ನೀರಿಳಿಸಿದೆ ಕಣೇ." ಅವಳು "ಒಳ್ಳೇದಾಯ್ತು ಬಿಡಿ ಅತ್ತೆ" ಅಂದಳು. ಅಪರೂಪಕ್ಕೆ ನಾವಿಬ್ಬರೂ ಒಂದಾದ ಗಳಿಗೆ ಅದು. ಮರುದಿನ ಹಾಲು ಗಟ್ಟಿಯಾಗಿ ಬೇರೆ ಬಂತು! ನನ್ನ ನಾಲಿಗೆಯ ಪ್ರತಾಪಕ್ಕೆ ನಾನೇ ಹಿಗ್ಗಿದೆ.

ಮದುವೆಗೆ ಐದು ದಿನ ಇರುವಾಗ ಹಾಲ್ ತೋರಿಸಿ ಮೆರೆಯೋಣ ಎಂದು ಬೀಗಿತ್ತಿಯನ್ನು ಕರೆದುಕೊಂಡು ಹೋದೆ. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಬಂದರು. ಒಳಗೆ ಹೋದರೆ ಯಾರೋ ನಾಲ್ಕು ಜನ ವೇದಿಕೆಗೆ ಹೂವಿನ ಲೆಕ್ಕ ಹಾಕುತ್ತಿದ್ದಾರೆ!

"ಯಾರಪ್ಪ ಇವರು?"

"ಇಪ್ಪತ್ತಕ್ಕೆ ಮದುವೆ ಇರೋರು ಅಮ್ಮ" ಎಂದ ಮ್ಯಾನೇಜರು.

"ಇಪ್ಪತ್ತಕ್ಕೆ ಮದುವೆ ಇರೋದು ನಮಗೆ!"

"ನೀವೇ ಬೇಡ ಅಂದ್ರಲ್ಲಮ್ಮ!"

"ನಾನ್ಯಾವಾಗ ಅಂದೆ? ಸುಳ್ಳ!"

ಅವನು ಡೈರಿ ಬಿಚ್ಚಿದ. "ನಾಲ್ಕನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆ. ಅಜ್ಜಿ ಹೇಳಿದ್ದು: ನಿಮ್ಮ ಹಾಲು ಬೇಡ. ವಾಸನೆ. ನೀರು ಜಾಸ್ತಿ. ಯಾರಿಗೆ ಬೇಕಾದರೂ ಕೊಡು..." ಅಲ್ಲಿಗೆ ನಿಲ್ಲಿಸಿ ತಲೆ ಎತ್ತಿದ. "ಮುಂದಿಂದು ಓದಲಾ?"

ನಾನು ಕೈ ಚಾಚಿ ಡೈರಿ ಮುಚ್ಚಲು ಹೋದೆ. "ಓದಿ" ಅಂದರು ಬೀಗಿತ್ತಿ.

"ಬೆಕ್ಕಿಗೆ ಹಾಕು."

ಬೀಗಿತ್ತಿ ಕೊರಳಿನ ಟೇಪು ತೆಗೆದು ನಿಧಾನವಾಗಿ ಸುತ್ತಿದರು. "ಏನಮ್ಮಾ, ನನ್ನ ಮಗನ ಮದುವೆ ಹಾಲನ್ನ ಬೆಕ್ಕಿಗೆ ಹಾಕಿದ್ರಾ?"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ! ಮ್ಯಾನೇಜರನ ಮೇಲೆ ಹರಿಹಾಯ್ದೆ. "ಹಾಲಿನವನು ಅಂದರೆ ಯಾವ ಹಾಲಿನವನು ಅಂತ ಹೇಳಬಾರದಾ?"

"ನನಗಿರೋದು ಇದೊಂದೇ ಹಾಲು ಅಮ್ಮ."

"ಮನೇಲಿ ಇನ್ಯಾರನ್ನಾದರೂ ಒಂದು ಮಾತು ಕೇಳಬಾರದಿತ್ತಾ?"

"ಬೇರೆ ಯಾರ ಮಾತೂ ನಡೆಯಲ್ಲ ಅಂತ ನೀವೇ ಬರೆಸಿದ್ರಲ್ಲ. ಇಲ್ಲಿದೆ ನೋಡಿ."

ಮನೆಯಲ್ಲಿ ಮಗ ಸೂರು ಹಾರುವ ಹಾಗೆ ಕೂಗಾಡಿದ. ಮೊಮ್ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಬಾಗಿಲಿನಾಚೆಯಿಂದ "ಮಾತು ಕೊಟ್ಟಿದ್ದೆ ಅಲ್ವಾ ಅಜ್ಜಿ" ಎಂದು ಒಂದೇ ಸಲ ಅಂದಳು. ಸೊಸೆ ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವಳು ನನ್ನ ಎಡಗಿವಿ ನೋಡಿದಳು!

ಎರಡು ದಿನ ಇದ್ದಬದ್ದ ಹಾಲ್‌ಗಳಿಗೆಲ್ಲ ಫೋನ್ ಮಾಡಿದರು. ಎರಡನೇ ದಿನ ಸಂಜೆ ಮಗ ಬಂದು ನನ್ನ ಮುಖ ನೋಡದೆ ಹೇಳಿದ, "ಒಂದೇ ಒಂದು ಖಾಲಿ ಇದೆಯಮ್ಮ. ಅದನ್ನ ಯಾರೂ ತಗೊಳ್ಳಲ್ವಂತೆ. ಯಾಕೆ ಅಂತ ನಿನಗೇ ಗೊತ್ತು."

ಹೋದೆವು. ಅದೇ ಹಾಲು, ಅದೇ ಕಂಬ. ಬಣ್ಣ ಬದಲಾಗಿತ್ತು, ಹೊಟ್ಟೆ ಹಾಗೇ ಇತ್ತು. ಮಗಳ ಮದುವೆ ಕಾಲದಲ್ಲಿ ಅಲ್ಲಿದ್ದ ಗುಮಾಸ್ತನೇ ಮುದುಕನಾಗಿ ಮೂಲೆಯಲ್ಲಿ ಕೂತಿದ್ದ.

"ಇನ್ನೂ ತೆಗೆದಿಲ್ವಾ ಈ ದರಿದ್ರದ್ದನ್ನ?" ಎಂದೆ.

"ತೆಗೆದರೆ ಸೂರು ತಲೆ ಮೇಲೆ ಬರತ್ತಮ್ಮ. ನಿಮ್ಮ ಯಜಮಾನರೂ ಇದನ್ನೇ ಕೇಳಿದ್ರು. ಮಿಕ್ಕ ಹಾಲುಗಳೆಲ್ಲ ಅವತ್ತು ತುಂಬಿ ಹೋಗಿದ್ವು. ಮೂರು ಸಲ ಬಂದು ಈ ಕಂಬನ ಅಳೆದೂ ಅಳೆದೂ ಹೋದ್ರು, ಪಾಪ."

ಮೂವತ್ತೊಂದು ವರ್ಷ ಬೈದೆನೇ ಹೊರತು ಒಂದು ದಿನವಾದರೂ "ಯಾಕ್ರೀ ಇದನ್ನೇ ಆರಿಸಿದ್ರಿ?" ಎಂದು ಕೇಳಿದವಳಲ್ಲ. ಸಿಟ್ಟೆಲ್ಲ ಹೊರಟಲ್ಲಿಗೇ ವಾಪಸು ಬಂದು ನನ್ನ ಎದೆಯ ಮೇಲೆ ಕೂತಿತು.

ಬೀಗಿತ್ತಿ ಮಾತ್ರ ಟೇಪು ಬಿಚ್ಚಿ ಕಂಬದ ಸುತ್ತ ಹಿಡಿದರು. ಸಾಲಲಿಲ್ಲ. ಮೂರು ಸಲ ಹಿಡಿದು "ಸುತ್ತಳತೆ ನೂರಿಪ್ಪತ್ತೈದು ಇಂಚು" ಅಂದರು. ಮೊಮ್ಮಗಳು ಆಚೆಯಿಂದ ಒಮ್ಮೆ, ಈಚೆಯಿಂದ ಒಮ್ಮೆ ನೋಡಿ, "ವೇದಿಕೆ ಯಾಕೆ ಬೇಕು? ಕಂಬಕ್ಕೇ ಬೆನ್ನು ಹಾಕಿ ಈಚೆ ನಿಲ್ತೀವಿ. ಕುರ್ಚಿಗಳೆಲ್ಲ ನಮ್ಮ ಎದುರಿಗೆ ಹಾಕಿಸಿ" ಅಂದಳು. ಇಷ್ಟೇ! ಎರಡು ದಿನದಲ್ಲಿ ಬೀಗಿತ್ತಿ ಆ ಕಂಬಕ್ಕೆ ಕೆಂಪು ಬಟ್ಟೆಯಲ್ಲಿ, ಅಂಚು ಕಟ್ಟಿ, ಒಂದು ಅಂಗಿ ಹೊಲಿದು ತೊಡಿಸಿದರು. ಕೊನೆಯ ಸಾಲಿನವರೆಗೂ ಗಂಡು ಹೆಣ್ಣು ಇಬ್ಬರೂ ಹಲ್ಲು ಸಮೇತ ಕಂಡರು.

ನನ್ನ ಮಗಳು ಬಂದವಳೇ ಕಂಬ ಮುಟ್ಟಿ, "ನನ್ನ ಮದುವೇಲಿ ಇದು ಯಾರಿಗೂ ಯಾಕೆ ಹೊಳೀಲಿಲ್ಲಮ್ಮ?" ಎಂದಳು. ಹೇಗೆ ಹೊಳೆದೀತು? ಆ ಹೊತ್ತಿಗೆ ನಾನು ಬೈಯುವುದರಲ್ಲಿದ್ದೆ!

ಮದುವೆಯನ್ನು ನೋಡಲಾಗದೆ ಹೋದವಳು ನಾನೊಬ್ಬಳೇ. ಬಂದವರೆಲ್ಲ "ಬೆಕ್ಕಿಗೆ ಹಾಕು ಅಂದ ಅಜ್ಜಿ ಯಾರು?" ಎಂದು ಹುಡುಕುತ್ತಿದ್ದರು. ಹಾಲು ಹಾಕುವವನೂ ಬಂದಿದ್ದ. ಹತ್ತಿರ ಬಂದು ಮೆಲ್ಲಗೆ, "ಅಮ್ಮಾ, ನಾಳೆ ಹಾಲು ಬೇಕಾ?" ಅಂದ. ಅಷ್ಟೇ ಸಾಕಾಯಿತು. ಒಂದು ಕುರ್ಚಿ ಎಳೆದುಕೊಂಡು ಯಾರಿಗೂ ಕಾಣದ ಹಾಗೆ ಕಂಬದ ಹಿಂದೆ ಹೋಗಿ ಕೂತೆ. ಅವಿತುಕೊಳ್ಳಲು ಅದಕ್ಕಿಂತ ಅಗಲವಾದ ಕಂಬ ಬೇರೆಲ್ಲೂ ಸಿಗುತ್ತಿರಲಿಲ್ಲ!

ಬೆನ್ನು ಒರಗಿಸಿದೆ. ಆಗ ನೆನಪಾಯಿತು. ಆರು ವರ್ಷದ ಹಿಂದೆ, ಆಸ್ಪತ್ರೆಯ ಮಂಚದ ಮೇಲೆ, ಹೋಗುವ ಮುಂಚಿನ ಮಧ್ಯಾಹ್ನ, ನಮ್ಮವರು ಬೆರಳಿನಲ್ಲಿ ಸನ್ನೆ ಮಾಡಿ ಕರೆದಿದ್ದರು. ನೀರು ಕೇಳುತ್ತಾರೆ ಎಂದು ಲೋಟ ಹಿಡಿದು ಬಗ್ಗಿದೆ. ಕೊಟ್ಟಿದ್ದು ಬಲಗಿವಿ, ತಪ್ಪು ಕೇಳಿಸಿತು ಅನ್ನುವ ಹಾಗೂ ಇಲ್ಲ. ಕೇಳಿದ್ದೇ ನನಗೆ ರೇಗಿ, "ಮೊದಲು ಎದ್ದು ಮನೆಗೆ ಬನ್ನಿ, ಆಮೇಲೆ ನೋಡೋಣ" ಅಂದುಬಿಟ್ಟೆ. ಅವರು ಕೇಳಿದ್ದಾದರೂ ಇಷ್ಟೇ:

"ಇವಳೇ, ಆ ಕಂಬದ ವಿಷಯ ಇನ್ನಾದರೂ ಬಿಡ್ತೀಯಾ?"