ಅಮ್ಮನ ಕೋಣೆಯಲ್ಲಿ ಆಫೀಸು

ಕೆಲಸ ಕಳೆದುಕೊಂಡವನು ನಾನು, ಜಾಗ ಕಳೆದುಕೊಂಡದ್ದು ನಮ್ಮಮ್ಮ. ದೊಡ್ಡನೆಕ್ಕುಂದಿಯ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಜೀವನ್ ಬಿಮಾ ನಗರದ ನಮ್ಮ ಒಂದೇ ಬೆಡ್‌ರೂಮಿನ ಫ್ಲ್ಯಾಟನ್ನು ನಾನು ‘ವಿಶ್ವವ್ಯಾಪಿ ಸಂಪರ್ಕವುಳ್ಳ ನಕ್ಷಾ ಕಾರ್ಯಾಲಯ’ವನ್ನಾಗಿ ಪರಿವರ್ತಿಸಿದೆ. (ಅಂದರೆ ಅಮ್ಮನ ಮಂಚ ಹಾಲಿಗೆ, ಕಂಪ್ಯೂಟರು ಅಮ್ಮನ ಜಾಗಕ್ಕೆ, ಫೋನಿನ ವೈರು ಅಡುಗೆಮನೆಯ ಮೇಲೆ ಹಾದು ಒಳಗೆ. ಕಂಪ್ಯೂಟರು ಮೊದಲು ನನ್ನ ಹೆಂಡತಿ ರಾಜೇಶ್ವರಿಯ ಚಿನ್ನದ ಬಳೆಗಳಾಗಿತ್ತು.) ಇಂದಿರಾನಗರದ ಒಂದು ಕಂಪನಿ ಮನೆಯಲ್ಲೇ ಕೂತು ಯಂತ್ರಗಳ ನಕ್ಷೆ ಬರೆಯುವ ಕೆಲಸ ಕೊಡುತ್ತೇನೆಂದಿತ್ತು. ಇಂಟರ್ನೆಟ್ ಇರಬೇಕು, ಬೇರೆ ನೌಕರಿ ಇರಬಾರದು, ಇಷ್ಟೇ ಷರತ್ತು. ಎರಡನೆಯ ವಿಷಯದಲ್ಲಿ ನನ್ನಷ್ಟು ಅರ್ಹ ಮನುಷ್ಯ ಇಡೀ ಬೆಂಗಳೂರಿನಲ್ಲಿ ಇರಲಿಲ್ಲ.

ಆದರೆ ಕಾರ್ಖಾನೆ ಮುಚ್ಚಿದ್ದನ್ನು ಕಟ್ಟಡದಲ್ಲಿ ಯಾರಿಗೂ ಹೇಳಿರಲಿಲ್ಲ. ನಾಚಿಕೆ, ಇನ್ನೇನು. ಬೆಳಿಗ್ಗೆ ಇಸ್ತ್ರಿ ಶರಟು, ಬೂಟು ಹಾಕಿಕೊಂಡು, ಹಾಲಿನಿಂದ ಬೆಡ್‌ರೂಮಿಗೆ ಹೊರಟು ಬಾಗಿಲು ಹಾಕಿಕೊಳ್ಳುತ್ತಿದ್ದೆ.

“ಯಾರೇ ಕೇಳಿದ್ರೂ ಆಫೀಸಲ್ಲಿದ್ದಾರೆ ಅನ್ನು. ಸಂಜೆ ತನಕ ಬಾಗಿಲು ತಟ್ಟಬೇಡ,” ಎಂದೆ ರಾಜೇಶ್ವರಿಗೆ.

“ಅತ್ತೆ ಬಚ್ಚಲಿಗೆ ಹೋಗ್ಬೇಕಲ್ರೀ. ಬಚ್ಚಲು ನಿಮ್ಮ ಆಫೀಸೊಳಗಿದೆ.”

“ಲಂಚ್ ಟೈಮಲ್ಲಿ ಬರಕ್ಕೆ ಹೇಳು.”

“ಹೇಳ್ತೀನಿ. ಅಪಾಯಿಂಟ್‌ಮೆಂಟ್ ಬೇಕಾ?”

ಕಂಪನಿಯ ಉತ್ತರ ಬರಬೇಕಾದ ದಿನ, ಮೇಲ್ ತಪ್ಪಿಹೋದೀತೆಂಬ ಭಯಕ್ಕೆ ಬೆಳಗಿನಿಂದ ಇಂಟರ್ನೆಟ್ ಬಿಡದೆ ಕೂತೆ. ಆಗ ಇಂಟರ್ನೆಟ್ ಫೋನಿನ ವೈರಿನಲ್ಲೇ ಬರುತ್ತಿತ್ತು; ಅದು ಓಡುತ್ತಿದ್ದರೆ ನಮ್ಮ ಫೋನು ಎಂಗೇಜ್. ಮಧ್ಯಾಹ್ನ ಹಾಲಿನಲ್ಲಿ ಯಾರೋ ನನ್ನನ್ನು ಕೇಳಿದರು. “ಆಫೀಸಲ್ಲಿದ್ದಾರೆ, ಸಂಜೆ ಸಿಗ್ತಾರೆ,” ಎಂದಳು ರಾಜೇಶ್ವರಿ. ನಾನು ಒಳಗೆ ಕೂತು ಅವಳ ಶಿಸ್ತಿಗೆ ತಲೆದೂಗಿದೆ.

ಸಂಜೆ ಆಫೀಸು ಮುಗಿಸಿ ಹಾಲಿಗೆ ಬಂದೆ. ಮಧ್ಯಾಹ್ನ ನನ್ನನ್ನು ಕೇಳಿಕೊಂಡು ಬಂದಿದ್ದ ಕೆಳಗಿನ ಮನೆಯ ಮುನಿಆಂಜನಪ್ಪ ಮತ್ತೆ ಮೇಲೆ ಬಂದರು.

“ಸಾರ್, ಮಧ್ಯಾಹ್ನ ಯಾವುದೋ ಕಂಪನಿಯವ್ರು ನಮ್ಮನೆಗೆ ಫೋನ್ ಮಾಡಿದ್ರು. ನಿಮ್ದು ಬರೀ ಎಂಗೇಜ್ ಅಂತೆ.”

ಅರ್ಜಿಯಲ್ಲಿ ಎರಡನೇ ನಂಬರೆಂದು ಅವರದನ್ನೇ ಬರೆದಿದ್ದೆ. “ಏನಂದ್ರು?”

“ಈಗ ಎಲ್ಲಾದ್ರೂ ಕೆಲಸದಲ್ಲಿ ಅವ್ರಾ ಅಂತ ಕೇಳಿದ್ರು. ಬಿಡ್ತೀನಾ ನಾನು? ದೊಡ್ಡ ಕಾರ್ಖಾನೆ, ಒಂದು ದಿನ ರಜಾ ಹಾಕೋ ಮನುಷ್ಯ ಅಲ್ಲ, ಈಗ್ಲೂ ಆಫೀಸಲ್ಲೇ ಅವ್ರೆ, ಈಗ್ತಾನೆ ಮನೇಲಿ ಕೇಳ್ಕೊಂಡ್ ಬಂದೆ ಅಂದೆ. ಹಂಗಾದ್ರೆ ಬೇರೆಯವ್ರಿಗೆ ಕೊಡ್ತೀವಿ ಅಂದ್ಬಿಟ್ಟು ಇಟ್ರು. ಅದೇನ್ ಸಾರ್ ಕೊಡೋದು?”

ರಾಜೇಶ್ವರಿ ನನ್ನ ಮುಖ ನೋಡಲಿಲ್ಲ. ಅವಳು ಬೈದಿದ್ದರೆ ಎಷ್ಟೋ ಮೇಲಿತ್ತು. ಅಮ್ಮ ಮಂಚದ ಮೇಲೆ ಗೋಡೆಯ ಕಡೆ ಹೊರಳಿದಳು.

“ಏನಿಲ್ಲ ಬಿಡಿ,” ಎಂದೆ.

ಮುನಿಆಂಜನಪ್ಪ ಹತ್ತಿರ ಬಂದು ದನಿ ತಗ್ಗಿಸಿದರು. “ಸಾರ್, ನಮ್ಮ ಅಳಿಯ ಕೆಲಸ ಹೋಗಿ ಸುಮ್ನೆ ಮನೇಲವ್ನೆ. ಯಾರಿಗೂ ಹೇಳಿಲ್ಲ. ನಿಮ್ಮ ಆಫೀಸಲ್ಲಿ ಎಲ್ಲಾದ್ರೂ ಸೇರಿಸಕ್ಕಾಗ್ತದಾ?”

“ನಾಳೆ ಸಾಹೇಬರ ಹತ್ರ ಒಂದ್ಮಾತು ಹೇಳ್ತೀನಿ,” ಎಂದೆ.