ಅನಲಾಗಪ್ಪ ನಾಲ್ಕನೇ ಸಲಕ್ಕೆ ಸತ್ತದ್ದು

ಕೇಬಲ್ ಟಿವಿ ಧಂದೆಯಲ್ಲಿ ನಗು ಬರುವಂಥದ್ದು ತಿಂಗಳಿಗೊಂದಾದರೂ ನಡೆಯುತ್ತದೆ. ನಗುವವರು ಮಾತ್ರ ಯಾವಾಗಲೂ ಬೇರೆಯವರು. ಮೂಡಲಗಿಯಲ್ಲಿ ಇಪ್ಪತ್ತು ವರ್ಷ ಕಂಬ ಹತ್ತಿ ಇಳಿದು ನಾನು ಕಲಿತದ್ದು ಇಷ್ಟೇ.

ನನ್ನ ಆಸ್ತಿಯೆಂದರೆ ಮನೆಯ ಮಾಳಿಗೆಯ ಮೇಲಿನ ಒಂದು ತಗಡಿನ ಶೆಡ್ಡು. ಅದನ್ನು ಕಂಟ್ರೋಲ್ ರೂಮ್ ಎಂದು ಕರೆಯುತ್ತಿದ್ದೆ. ಊರಿನ ಟಿವಿಗಳಿಗೆಲ್ಲ ಅಲ್ಲಿಂದಲೇ ಚಿತ್ರ ಹೋಗುತ್ತಿತ್ತು. ನಮ್ಮದೇ ಒಂದು ಊರ ಚಾನೆಲ್ಲೂ ಇತ್ತು. ಅದರಲ್ಲಿ ಕುಸ್ತಿ, ಲಗ್ನದ ಕ್ಯಾಸೆಟ್ಟು, ಎಮ್ಮೆ ಕಳೆದಿದೆ ಎಂಬ ಜಾಹೀರಾತು. ಹೀಗಿರುವಾಗ ದಿಲ್ಲಿಯಲ್ಲಿ ಕಾಯ್ದೆಯಾಯಿತು. ಅನಲಾಗ್ ಎಂಬ ಹಳೆಯ ಸಿಗ್ನಲ್ ಬಂದ್, ಇನ್ನು ಮೇಲೆ ಎಲ್ಲ ಡಿಜಿಟಲ್, ಮನೆಮನೆಗೂ ಒಂದು ಡಬ್ಬಿ ಹಚ್ಚಬೇಕು. ಡಬ್ಬಿಗೆ ಸಿಗ್ನಲ್ ದೊಡ್ಡ ಕಂಪನಿಯಿಂದ ಬರುತ್ತದೆ. ಅಂದರೆ ನನ್ನ ಶೆಡ್ಡಿಗೆ ಕೆಲಸವಿಲ್ಲ. ನನ್ನ ಕುತ್ತಿಗೆಗೆ ಬರುವ ಚೂರಿಯನ್ನು ನಾನೇ ಮನೆಮನೆಗೆ ಹಂಚಬೇಕು, ಅದೂ ನಗುಮುಖದಿಂದ.

೧. ತಿಳಿಸಲು ವಿಷಾದ

ನಮ್ಮೂರಲ್ಲಿ ಸುದ್ದಿ ಸಾರುವವನು ಒಬ್ಬನೇ, ಮೈಕು ಕಟ್ಟಿದ ರಿಕ್ಷಾದವ. ಅವನಿಗೆ ಹೆಚ್ಚಿನ ಕೆಲಸ ಬರುವುದು ಯಾರಾದರೂ ತೀರಿಕೊಂಡಾಗ. ನಾನು ಚೀಟಿ ಬರೆದುಕೊಟ್ಟೆ. ಅವನು ರೂಢಿಯಂತೆ ದನಿ ತಗ್ಗಿಸಿ ಶುರು ಮಾಡಿದ: "ತಿಳಿಸಲು ವಿಷಾದವಾಗುತ್ತದೆ. ಈ ತಿಂಗಳ ಕೊನೆಗೆ ಅನಲಾಗ್ ನಮ್ಮೊಂದಿಗೆ ಇರುವುದಿಲ್ಲ."

ಹೆಂಗಸರು ಸೆರಗು ಹೊದ್ದು ಬಾಗಿಲಿಗೆ ಬಂದರು. ಓಣಿಯವರೆಲ್ಲ ಆಯಿ ಎಂದೇ ಕರೆಯುವ ನಮ್ಮ ಬಾಜೂಮನೆಯ ಮುದುಕಿ ನನ್ನನ್ನು ತಡೆದು ನಿಲ್ಲಿಸಿದಳು.

"ಯಾವ ಓಣ್ಯಾಂವೋ ತಮ್ಮಾ, ಈ ಅನಲಾಗಪ್ಪ? ತಿಂಗಳ ಕೊನಿಗೆ ಹೋಗ್ತಾನಂತ ಡಾಕ್ಟರು ಈಗs ಹೇಳ್ಯಾರೇನು?"

ಕಟ್ಟೆಯ ಮೇಲೆ ಕೂತು ಅರ್ಧ ತಾಸು ತಿಳಿಸಿ ಹೇಳಿದೆ. ಕಾಯ್ದೆ, ತಂತಿ, ಡಬ್ಬಿ, ದಿಲ್ಲಿ, ಒಂದನ್ನೂ ಬಿಡಲಿಲ್ಲ. ಆಯಿ ತಲೆ ಆಡಿಸುತ್ತ ಪೂರಾ ಕೇಳಿಸಿಕೊಂಡಳು. ಎದ್ದು ಹೋಗುವಾಗ ಮೆಲ್ಲಗೆ ಕೇಳಿದಳು.

"ಹಂಗಾದ್ರ ಮಣ್ಣು ಮಾಡೂದು ಎಷ್ಟು ಗಂಟೆಕ್ಕ ಐತಿ?"

೨. ಹೋದ ಜೀವ ಬಂತು

ಗೋಕಾಕದಿಂದ ಒಂದು ಟೆಂಪೋ ತುಂಬ ಡಬ್ಬಿ ತಂದೆ. ಹೆದರಿದವರು, ಓದಿದವರು ಹಚ್ಚಿಸಿಕೊಂಡರು. ತಿಂಗಳು ಮುಗಿಯಲು ಎರಡು ದಿನ ಇರುವಾಗ ದಿಲ್ಲಿಯಿಂದ ಆದೇಶ ಬಂತು: ದೇಶದಲ್ಲಿ ಡಬ್ಬಿ ಸಾಲುತ್ತಿಲ್ಲ, ಬಂದ್ ಮಾಡುವ ಮುದ್ದತ್ತು ಮುಂದೆ ಹೋಗಿದೆ. ಡಬ್ಬಿ ಒಯ್ದವರೆಲ್ಲ ಅದನ್ನು ಬಗಲಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಒಬ್ಬ ನಿವೃತ್ತ ಮಾಸ್ತರರಂತೂ ನಾನು ಊರಿಗೆ ಸುಳ್ಳು ಹೇಳಿದೆನೆಂದು ನನ್ನ ಅಂಗಳದಲ್ಲೇ ನಿಂತು ಭಾಷಣ ಮಾಡಿದರು.

ಎಲ್ಲರೆದುರು ನಾನೂ ಅಳುದನಿಯಲ್ಲಿ ದಿಲ್ಲಿಗೆ ಬೈದೆ. ಆಮೇಲೆ ಶೆಡ್ಡಿಗೆ ಹೋಗಿ ಕದ ಹಾಕಿಕೊಂಡು, ಬಿಸಿಯಾಗಿದ್ದ ಮಷಿನ್ನುಗಳ ಮೈ ಸವರಿ, ಒಬ್ಬನೇ ಹಲ್ಲು ಕಿಸಿದೆ. ಚಹಾ ಬೇಕೇನೆಂದು ಕೇಳಲು ಬಂದ ಹೆಂಡತಿ ಕಿಟಕಿಯಿಂದ ನೋಡಿಬಿಟ್ಟಳು.

"ಕೆಳಗ ಅಳಾಕತ್ತಿದ್ರಿ, ಇಲ್ಲಿ ನಗಾಕತ್ತೀರಿ. ಖರೆ ಯಾವುದು ಹೇಳ್ರಿ, ಚಹಾಕ್ಕ ಸಕ್ರಿ ನೋಡಿ ಹಾಕತೇನಿ."

೩. ಡಬ್ಬಿಯ ಗುಣ

ಮರಳಿ ಬಂದ ಡಬ್ಬಿಗಳಲ್ಲಿ ಒಂದನ್ನು ಹುಕ್ಕೇರಿಯ ಅತ್ತೆಯ ಮನೆಗೆ ಕೊಟ್ಟೆ. ಅಲ್ಲಿಯ ಕೇಬಲ್ಲಿಗೂ ಅದೇ ಕಂಪನಿಯ ಡಬ್ಬಿ ನಡೆಯುತ್ತಿತ್ತು. ನಮ್ಮವರು ಹಚ್ಚಿದರೆ ನಾಲ್ಕು ಜನ ನೋಡಿ ಹಚ್ಚುತ್ತಾರೆ ಎಂಬ ಆಸೆ. ಚಳಿಗಾಲ ಶುರುವಾಗುತ್ತಿದ್ದಂತೆ ಅತ್ತೆಯ ಫೋನು ಬಂತು. ಡಬ್ಬಿ ಭಾಳ ಚಲೋ ಐತಿ, ಬಾಜೂದವರು ಇಬ್ಬರು ತಮಗೂ ಬೇಕು ಅನ್ನುತ್ತಿದ್ದಾರೆ ಎಂದಳು. ಈ ಧಂದೆಯಲ್ಲಿ ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಎರಡು ಡಬ್ಬಿ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ.

ಹೋಗಿ ನೋಡಿದರೆ ಟಿವಿಗೆ ಹಳೆಯ ತಂತಿಯೇ ಇತ್ತು. ಡಬ್ಬಿ ಅಡುಗೆಮನೆಯ ಮಾಡದಲ್ಲಿ ಕರೆಂಟು ಹಚ್ಚಿಕೊಂಡು ಕೂತಿತ್ತು. ಅದರ ಮೇಲೆ ಅರಿವೆ ಮುಚ್ಚಿದ ಒಂದು ಗಡಿಗೆ.

"ಬೆಚ್ಚಗ ಇರತೈತಿ ನೋಡ್ರಿ ಅಳಿಯಾರ," ಎಂದಳು ಅತ್ತೆ. "ಎಂಥಾ ಥಂಡಿಯೊಳಗೂ ಮಸರು ಗಟ್ಟಿ ಆಗತೈತಿ."

ಡಬ್ಬಿ ಬೇಕೆಂದ ಬಾಜೂದವರ ಮನೆಗಳಿಗೂ ಹೋಗಿ ಬಂದೆ. ಒಬ್ಬರ ಮನೆಯಲ್ಲಿ ಟಿವಿಯೇ ಇರಲಿಲ್ಲ, ಮೂರು ಎಮ್ಮೆ ಇದ್ದವು.

೪. ಕೊನೆಯ ಆಸೆ

ಮುದ್ದತ್ತು ಎರಡನೇ ಸಲ ಮುಂದೆ ಹೋಯಿತು. ಮೂರನೇ ಸಲವೂ ಹೋಯಿತು. ಪ್ರತಿ ಸಲ ಹೊಸದಾಗಿ ಸಾರುವ ತಾಪತ್ರಯ ಬೇಡವೆಂದು ರಿಕ್ಷಾದವ ತಿಂಗಳ ಹೆಸರಿಲ್ಲದೆ, ಬರೇ "ಈ ತಿಂಗಳ ಕೊನೆಗೆ" ಎಂದು ಒಂದೇ ಸಲ ರೆಕಾರ್ಡ್ ಮಾಡಿಟ್ಟುಕೊಂಡ. ಅವನ ಬುದ್ಧಿಯನ್ನು ನಾನೇ ಮೆಚ್ಚಿದೆ. ಆದರೆ ಊರಿನಲ್ಲಿ ನನ್ನ ಮಾತಿಗೆ ಕವಡೆ ಕಿಮ್ಮತ್ತು ಉಳಿಯಲಿಲ್ಲ. ಸಂತೆಯಲ್ಲಿ ಬದನೆಕಾಯಿ ಕೊಂಡು ದುಡ್ಡು ಕೊಡಲು ಕಿಸೆಗೆ ಕೈ ಹಾಕಿದರೆ, ಮಾರುವವಳು, "ಈಗs ಕೊಡತೀರೋ, ತಿಂಗಳ ಕೊನಿಗೋ?" ಎನ್ನುತ್ತಿದ್ದಳು.

ಆಯಿಗೆ ಮಾತ್ರ ಅನಲಾಗಪ್ಪನದೇ ಚಿಂತೆ. "ಇನ್ನೂ ಉಸಿರು ಎಳ್ಯಾಕತ್ತಾನೇನೋ? ಯಾವುದರ ಮ್ಯಾಲೋ ಆಸೆ ಐತಿ ಅವಂಗ. ಏನು ಬೇಕು ಕೇಳಿ ಕೊಟ್ಟುಬಿಡ್ರಿ, ಜೀವ ಸಲೀಸ ಹೋಗತೈತಿ."

೫. ಮಣ್ಣು

ನಾಲ್ಕನೇ ಸಲ ಮುದ್ದತ್ತು ಬಂದಾಗ ನಾನು ಆರಾಮಾಗಿದ್ದೆ. ಇದೂ ಮುಂದೆ ಹೋಗುತ್ತದೆ ಎಂದು ಊರಿಗಿಂತ ಹೆಚ್ಚು ನಂಬಿದವನು ನಾನೇ. ನಮ್ಮ ಮನೆಗೇ ಡಬ್ಬಿ ಹಚ್ಚಿರಲಿಲ್ಲ. ಕೊನೆಯ ದಿನ ಮುಂಜಾನೆಯಿಂದ ಫೋನು ಹಿಡಿದು ಕೂತೆ. ದಿಲ್ಲಿಯಿಂದ ಏನೂ ಬರಲಿಲ್ಲ. ಕಂಪನಿಯವನು ಮಾತ್ರ ಫೋನು ಮಾಡಿ, ಮಧ್ಯಾಹ್ನ ಹನ್ನೆರಡಕ್ಕೆ ಬಂದ್ ಮಾಡು, ಇಲ್ಲದಿದ್ದರೆ ಮಷಿನ್ನು ಜಪ್ತಾಗುತ್ತದೆ ಎಂದ.

ಆಯಿಯ ಮಾತು ನೆನಪಾಯಿತು. ಊರ ಚಾನೆಲ್ಲಿನಲ್ಲಿ ಮೊದಲ ದಿನ ತೋರಿಸಿದ್ದ ಕುಸ್ತಿಯ ಕ್ಯಾಸೆಟ್ಟನ್ನು ಹುಡುಕಿ ಹಚ್ಚಿದೆ. ಕುಸ್ತಿ ಮುಗಿಯುವ ಮೊದಲೇ ಹನ್ನೆರಡಾಯಿತು. ಒಂದೊಂದೇ ಸ್ವಿಚ್ಚು ಆರಿಸಿದೆ. ಇಪ್ಪತ್ತು ವರ್ಷ ಗುಂಯ್ ಅನ್ನುತ್ತಿದ್ದ ಶೆಡ್ಡು ಗಪ್ಪಾಯಿತು. ನನಗೆ ಅಳು ಬಂತು, ಯಾಕೆ ಸುಳ್ಳು ಹೇಳಲಿ. ಫೋನು ಬಡಕೊಳ್ಳತೊಡಗಿತು. ಸಿಗ್ನಲ್ ಯಾಕೆ ಹೋಯಿತೆಂದು ಒಬ್ಬರೂ ಕೇಳಲಿಲ್ಲ, ಎಲ್ಲರಿಗೂ ಕುಸ್ತಿ ಗೆದ್ದವರು ಯಾರೆಂದು ಬೇಕಾಗಿತ್ತು.

ಕೆಳಗಿಳಿದರೆ ಹೆಂಡತಿ ಚುಕ್ಕಿ ಕುಣಿಯುವ ಟಿವಿಯ ಮುಂದೆ ನಿಂತಿದ್ದಳು. ಬಾಗಿಲಲ್ಲಿ ಆಯಿ. ನನ್ನ ಕಣ್ಣು ನೋಡಿ ಅವಳಿಗೆ ತಿಳಿಯಿತು. ಒಳಗೆ ಬಂದು ನನ್ನ ಕೈ ಹಿಡಿದುಕೊಂಡಳು.

"ಹೋದನೇನೋ ತಮ್ಮಾ?"

ಈ ಸಲ ತಂತಿ, ಕಾಯ್ದೆ ಏನೂ ಹೇಳಲಿಲ್ಲ. "ಹೋದ ಆಯಿ," ಎಂದೆ.

"ಭಾಳ ನರಳಿದಾ ಪಾಪ. ಬಿಡುಗಡಿ ಆತು. ಒಲಿ ಹಚ್ಚಬ್ಯಾಡ್ರಿ, ರೊಟ್ಟಿ ನಾ ತರತೇನಿ."

ಇಡೀ ಊರಲ್ಲಿ ನನ್ನ ದುಃಖ ಗೊತ್ತಾದದ್ದು ಅವಳೊಬ್ಬಳಿಗೇ. ಮೂರು ದಿನ ರೊಟ್ಟಿ, ಝುಣಕ ತಂದಳು. ಮೂರು ದಿನವೂ ನಾವು ಗಂಡಹೆಂಡಿರು ತಲೆ ತಗ್ಗಿಸಿ ಉಂಡೆವು. ಮೂರನೆಯ ದಿನ ಗಂಗಾಳ ನನ್ನ ಮುಂದಿಟ್ಟು, ಆದದ್ದು ಆಗಿಹೋಯಿತು, ಇನ್ನು ಧೈರ್ಯ ತಂದುಕೋ ಎಂದು ಬೆನ್ನು ಸವರಿದಳು. ತನ್ನ ಟಿವಿಯೂ ಮೂರು ದಿನದಿಂದ ಸುಮ್ಮನೆ ಕೂತಿದೆ, ಅದಕ್ಕೂ ಒಂದು ಡಬ್ಬಿ ಹಚ್ಚು ಎಂದಳು.

"ಯಾವಾಗ ಹಚ್ಚತಿ ಹೇಳು?"

ಬಾಯಲ್ಲಿ ರೊಟ್ಟಿ ಇತ್ತು. ರೂಢಿಯ ಮೇಲೆ ಮಾತು ತಾನೇ ಹೊರಬಿತ್ತು.

"ಈ ತಿಂಗಳ ಕೊನಿಗೆ, ಆಯಿ."

ಆಯಿ ನನ್ನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಅರ್ಧ ರೊಟ್ಟಿ ಉಳಿದಿದ್ದ ಗಂಗಾಳ ಎತ್ತಿಕೊಂಡು ಮನೆಗೆ ಹೋದಳು.